ಮಾತು ಕೇಳುವ ಗಾಡಿ

ಬರ್ಮಿಂಗ್‌ಹ್ಯಾಮ್, ಮ್ಯಾಂಚೆಸ್ಟರ್, ಲೀಡ್ಸ್ ಸುತ್ತಮುತ್ತಲಿನ ಕನ್ನಡದ ಕಾರುಪ್ರಿಯರಿಗೆ,



ಕಳೆದ ಯುಗಾದಿಯ ಊಟ ಮುಗಿಸಿ ನೀವೆಲ್ಲ ಶಾಲೆಯ ಹಾಲ್‌ನಿಂದ ಹೊರಬಂದು ಪಾರ್ಕಿಂಗ್‌ನಲ್ಲಿ ನಿಂತಿದ್ದಿರಿ. ಒಳಗೆ ಮಕ್ಕಳ ಹಾಡು ಇನ್ನೂ ನಡೆದಿತ್ತು, ಹೊರಗೆ ತುಂತುರು ಮಳೆ. ಹೊಸದಾಗಿ ಕೊಂಡಿದ್ದ ಒಂದು ಬಿಎಂಡಬ್ಲ್ಯು ಕಾರಿನ ಬಾನೆಟ್ ಎತ್ತಿ ಹತ್ತು ಹದಿನೈದು ಜನ ಸುತ್ತುವರಿದಿದ್ದಿರಿ. ಎಷ್ಟು ಬಿಎಚ್‌ಪಿ, ಸೊನ್ನೆಯಿಂದ ಅರವತ್ತು ಮೈಲಿಗೆ ಎಷ್ಟು ಸೆಕೆಂಡು, ಟೆಸ್ಲಾದ ಪಿಕಪ್ ಮುಂದೆ ಇದೆಲ್ಲ ಏನು ಮಹಾ, ಗಾಲ್ಫ್ ಜಿಟಿಐ ಮುಗಿಯಿತು, ಸಿವಿಕ್ ಟೈಪ್ ಆರ್ ಇನ್ನೂ ರಾಜ. ಹೀಗೆ ಒಂದು ಗಂಟೆ. ನಾನೂ ಅಲ್ಲೇ ಇದ್ದೆ. ಇಪ್ಪತ್ತೆರಡು ವರ್ಷದಿಂದ ಮಿಡ್‌ಲ್ಯಾಂಡ್ಸ್‌ನಲ್ಲಿ ಕಾರುಗಳ ಸಸ್ಪೆನ್ಷನ್ ಪರೀಕ್ಷೆಯ ಕೆಲಸದಲ್ಲೇ ಅನ್ನ ತಿನ್ನುತ್ತಿರುವವನಿಗೆ ಅಂಥ ಮಾತು ಬೇಸರ ತರುವುದುಂಟೆ? ಊರು ಬಿಟ್ಟು ಬಂದವರು ಹವಾಮಾನ, ಮನೆ ಸಾಲ, ವೀಸಾ ಬಿಟ್ಟು ಒಂದು ಸಂಗತಿಯನ್ನು ಪ್ರೀತಿಯಿಂದ ಮಾತಾಡುವುದೇ ಅಪರೂಪ.

ಆದರೆ ಅವತ್ತು ಗುಂಪಿನ ಅಂಚಿನಲ್ಲಿ ಇಬ್ಬರು ಹುಡುಗರು ನಿಂತಿದ್ದರು. ಹದಿನಾರು, ಹದಿನೇಳು ವಯಸ್ಸಿರಬೇಕು. ನೀವು ಹೇಳುತ್ತಿದ್ದ ಒಂದೊಂದು ಅಂಕಿಯನ್ನೂ ಕಣ್ಣರಳಿಸಿ ಕೇಳುತ್ತಿದ್ದರು. ಅವರಲ್ಲೊಬ್ಬ ನನ್ನತ್ತ ತಿರುಗಿ, "ಅಂಕಲ್, ಮೊದಲನೇ ಕಾರಿಗೆ ಎಷ್ಟು ಬಿಎಚ್‌ಪಿ ಇದ್ದರೆ ಸಾಕು?" ಎಂದ. ನಾನು ಬಾಯಿ ತೆಗೆಯುವ ಮುಂಚೆ ಯಾರೋ "ಎಷ್ಟಿದ್ದರೂ ಸಾಲದು ಮರಿ" ಎಂದರು. ಎಲ್ಲರೂ ನಕ್ಕರು. ಹುಡುಗನೂ ನಕ್ಕ. ಮಾತು ಮುಂದಕ್ಕೆ ಹೋಯಿತು.

ಆ ಹುಡುಗನಿಗೆ ಅವತ್ತು ಹೇಳಲಾಗದ ಉತ್ತರವನ್ನು ನಿಮಗೆಲ್ಲ ಬರೆಯುತ್ತಿದ್ದೇನೆ.

ನನ್ನೂರು ತೀರ್ಥಹಳ್ಳಿ. ಅಪ್ಪಯ್ಯನದು ಬಾಡಿಗೆಯ ಅಂಬಾಸಡರ್ ಕಾರು. ನಾನು ಚಿಕ್ಕವನಿದ್ದಾಗ ನಮ್ಮ ಕಡೆ ಕಾಯಿಲೆ ಜೋರಾಯಿತೆಂದರೆ ಮಣಿಪಾಲವೇ ಗತಿ. ಮೇಗರವಳ್ಳಿ ದಾಟಿ ಆಗುಂಬೆ, ಅಲ್ಲಿಂದ ಘಾಟಿ ಇಳಿದು ಸೋಮೇಶ್ವರ, ಹೆಬ್ರಿ, ಆಮೇಲೆ ಮಣಿಪಾಲ. ಆಗುಂಬೆ ಘಾಟಿಯಲ್ಲಿ ಹದಿನಾಲ್ಕು ಹೇರ್‌ಪಿನ್ ತಿರುವು. ಮಳೆಗಾಲದ ರಾತ್ರಿಯಾದರೆ ಹೆಡ್‌ಲೈಟಿನ ಮುಂದೆ ಮಂಜು ಬಿಳಿ ಗೋಡೆಯ ಹಾಗೆ ನಿಂತಿರುತ್ತಿತ್ತು. ಹಿಂದಿನ ಸೀಟಿನಲ್ಲಿ ದಿನ ತುಂಬಿದ ಬಸುರಿ, ಇಲ್ಲವೇ ಎದೆನೋವು ಬಂದ ಹಿರಿಯರು. ಶಾಲೆಗೆ ರಜೆ ಇದ್ದಾಗ ಅಪ್ಪಯ್ಯನಿಗೆ ನಿದ್ದೆ ಬಾರದಂತೆ ಮಾತಾಡಿಸುವ ಕೆಲಸಕ್ಕೆ ನಾನು ಮುಂದೆ ಕೂರುತ್ತಿದ್ದೆ.

ತೀರ್ಥಹಳ್ಳಿಯ ಡಾಕ್ಟರು ಕೆಲವೊಮ್ಮೆ ಗ್ಲೂಕೋಸ್ ಹಚ್ಚಿಯೇ ಕಳಿಸುತ್ತಿದ್ದರು. ಬಾಟಲಿಯನ್ನು ಬಾಗಿಲ ಮೇಲಿನ ಹಿಡಿಕೆಗೆ ಲುಂಗಿಯ ಅಂಚಿನಿಂದ ಕಟ್ಟಿ ಯಾರಾದರೊಬ್ಬರು ಹಿಡಿದುಕೊಳ್ಳುತ್ತಿದ್ದರು. ಘಾಟಿ ಶುರುವಾದದ್ದೇ ಅಪ್ಪಯ್ಯ ಒಳಗಿನ ಕನ್ನಡಿಯನ್ನು ಕೊಂಚ ಕೆಳಕ್ಕೆ ತಿರುಗಿಸಿಕೊಂಡುಬಿಡುವರು. ಅದರಲ್ಲಿ ಅವರಿಗೆ ಬಾಟಲಿ ಕಾಣುತ್ತಿತ್ತು. ತಿರುವಿನಲ್ಲಿ ಬಾಟಲಿ ಜೋರಾಗಿ ಓಲಾಡಿದರೆ ಹಲ್ಲು ಕಚ್ಚುವರು, ಮುಂದಿನ ತಿರುವಿಗೆ ಇನ್ನಷ್ಟು ಮೊದಲೇ ವೇಗ ಇಳಿಸುವರು. ಬ್ರೇಕ್ ಏನಿದ್ದರೂ ತಿರುವಿಗೆ ಮುಂಚೆ, ಗಾಡಿ ನೇರ ಇರುವಾಗಲೇ. ಗೇರು ಎರಡಕ್ಕೆ. ಬ್ರೇಕಿನಿಂದ ಕಾಲು ತೆಗೆಯುವುದೂ ಒಮ್ಮೆಗೇ ಅಲ್ಲ, ಹಾಲಿನ ಪಾತ್ರೆಯ ಮುಚ್ಚಳ ತೆಗೆದ ಹಾಗೆ, ನಿಧಾನ. ಆಮೇಲೆ ಸ್ಟೇರಿಂಗ್ ಒಂದೇ ಸಲ ತಿರುಗಿಸಿ ಹಾಗೇ ಹಿಡಿದಿಡುವರು, ನಡುವೆ ಕೆದಕುವುದಿಲ್ಲ. ತಿರುವು ಬಿಚ್ಚಿಕೊಂಡಂತೆ ಆಕ್ಸಿಲರೇಟರ್ ಮೇಲೆ ಹಗುರವಾಗಿ ಕಾಲು.

ಹದಿನಾಲ್ಕು ತಿರುವು ಮುಗಿದು ಸೋಮೇಶ್ವರದ ದೀಪ ಕಂಡಾಗ ಬಾಟಲಿ ನೆಟ್ಟಗೆ ತೂಗುತ್ತಿದ್ದರೆ ಅಪ್ಪಯ್ಯ ಸ್ಟೇರಿಂಗಿನ ಮೇಲೆ ಎರಡು ಸಲ ತಟ್ಟಿ, "ಗಾಡಿ ಮಾತು ಕೇಳ್ತದೆ ಮಾರಾಯ" ಎನ್ನುವರು.

ನೀವು ಹ್ಯಾಂಡ್ಲಿಂಗ್ ಎನ್ನುತ್ತೀರಲ್ಲ, ಅದಕ್ಕೆ ನಾನು ಕೇಳಿದ ಅತಿ ಸರಿಯಾದ ಕನ್ನಡ ಇದು. ಗಾಡಿ ಮಾತು ಕೇಳುತ್ತದೆ. ಹಾಗೆಂದರೆ ಮಾತಾಡುವವನೂ ಒಬ್ಬನಿರಬೇಕು, ಅವನ ಮಾತು ಸ್ಪಷ್ಟವಿರಬೇಕು. ಶಕ್ತಿಯನ್ನು ಶೋರೂಮಿನಲ್ಲಿ ದುಡ್ಡು ಕೊಟ್ಟು ತರಬಹುದು. ಈ ಮಾತುಕತೆಯನ್ನು ಕಲಿಯಬೇಕು, ಕಲಿಯಲು ವರ್ಷಗಟ್ಟಲೆ ಬೇಕು. ನಮ್ಮ ಪಾರ್ಕಿಂಗ್ ಚರ್ಚೆಯಲ್ಲಿ ಮೊದಲನೆಯದಕ್ಕೆ ಒಂದು ಗಂಟೆ, ಎರಡನೆಯದಕ್ಕೆ ಒಂದು ನಿಮಿಷವೂ ಸಿಗುವುದಿಲ್ಲ. ನನ್ನ ತಕರಾರು ಇಷ್ಟೇ. ಆದರೆ ಇದು ಸಣ್ಣ ತಕರಾರು ಅಂತ ನನಗೆ ಅನ್ನಿಸುವುದಿಲ್ಲ.

ಅಂಬಾಸಡರ್‌ನ ಮೂಲ ಇಲ್ಲಿಯದೇ ಎಂಬುದು ನಿಮಗೆ ಗೊತ್ತು. ಮಾರಿಸ್ ಆಕ್ಸ್‌ಫರ್ಡ್‌ನ ಮೂರನೇ ಮಾದರಿ ಬಂಗಾಳದ ಉತ್ತರಪಾಡಾಕ್ಕೆ ಹೋಗಿ ಅಂಬಾಸಡರ್ ಆಗಿ 2014ರ ತನಕ ತಯಾರಾಯಿತು. ಅದೇ ಮಾರಿಸ್ ಮನೆತನದ ಇನ್ನೊಂದು ಕಾರಿನ ಕತೆ ನನಗೆ ಯಾವಾಗಲೂ ನೆನಪಾಗುತ್ತದೆ. 1948ರಲ್ಲಿ ಹೊರಬಂದ ಮಾರಿಸ್ ಮೈನರ್ ವಿನ್ಯಾಸ ಮಾಡಿದವರು ಅಲೆಕ್ ಇಸಿಗೋನಿಸ್. ಕಾರು ತಯಾರಿಕೆಗೆ ಹೋಗುವ ಹಂತಕ್ಕೆ ಬಂದಾಗ ಅದು ತೀರಾ ಇಕ್ಕಟ್ಟಾಯಿತು ಎಂದು ಅವರಿಗೆ ಅನ್ನಿಸಿತು. ಮಾದರಿ ಕಾರನ್ನು ಮೂಗಿನಿಂದ ಬಾಲದವರೆಗೆ ಉದ್ದಕ್ಕೆ ಕೊಯ್ಯಿಸಿ, ಎರಡು ಹೋಳನ್ನೂ ಕಣ್ಣಿಗೆ ಒಪ್ಪುವವರೆಗೆ ದೂರ ಸರಿಸಿದರು. ನಾಲ್ಕು ಅಂಗುಲಕ್ಕೆ ನಿಂತಿತು. ಹಳೇ ಕಾರುಗಳ ಮೇಳದಲ್ಲಿ ಮೈನರ್ ಕಂಡರೆ ಅದರ ಬಾನೆಟ್ ಮೇಲೆ ಕೈಯಾಡಿಸಿ ನೋಡಿ, ನಡುವೆ ಚಪ್ಪಟೆಯಾದ ಒಂದು ಪಟ್ಟಿ ಕೈಗೆ ಸಿಗುತ್ತದೆ. ಆ ನಾಲ್ಕು ಅಂಗುಲ ಅದು. ನೋಟಕ್ಕೆಂದು ಮಾಡಿದ ಆ ಬದಲಾವಣೆಯಿಂದ ಚಕ್ರಗಳೂ ದೂರ ಸರಿದು ಕಾರು ತಿರುವಿನಲ್ಲಿ ಗಟ್ಟಿಯಾಗಿ ನಿಂತಿತು. ಎಂಜಿನ್ ಮಾತ್ರ ಹಳೆಯದು, ಸಾಧಾರಣದ್ದು. ಆದರೂ ಓಡಿಸಿದವರು ಹೊಗಳಿದರು.

ಬರ್ಮಿಂಗ್‌ಹ್ಯಾಮ್‌ನಲ್ಲಿ ಇರುವವರು ಲಾಂಗ್‌ಬ್ರಿಡ್ಜ್‌ನ ಅಂಗಡಿಗಳಿಗೆ ಹೋಗಿಯೇ ಇರುತ್ತೀರಿ. ಈಗ ಅಲ್ಲಿ ಸೂಪರ್‌ಮಾರ್ಕೆಟ್, ಕಾಲೇಜು, ಹೊಸ ಮನೆಗಳು. 1905ರಲ್ಲಿ ಹರ್ಬರ್ಟ್ ಆಸ್ಟಿನ್ ಕಾರ್ಖಾನೆ ತೆಗೆದ ಜಾಗ ಅದು. 2005ರ ಏಪ್ರಿಲ್‌ನಲ್ಲಿ ಎಂಜಿ ರೋವರ್ ಮುಳುಗಿದಾಗ ಸುಮಾರು ಆರು ಸಾವಿರ ಜನ ಅಲ್ಲಿ ಕೆಲಸ ಕಳೆದುಕೊಂಡರು. ನಾನು ಆಗಿನ್ನೂ ಈ ನಾಡಿಗೆ ಹೊಸಬ. ನನ್ನ ಪಕ್ಕದ ಮನೆಯವರು ಮೂವತ್ತು ವರ್ಷ ಅಲ್ಲಿ ದುಡಿದವರು. ಅವತ್ತು ಸಂಜೆ ಅವರು ತಮ್ಮ ಊಟದ ಡಬ್ಬಿಯನ್ನು ಕಾರಿನ ಮೇಲಿಟ್ಟು, ಮನೆಯೊಳಗೆ ಹೋಗದೆ ಬಹಳ ಹೊತ್ತು ಹೊರಗೇ ನಿಂತಿದ್ದರು.

ಆ ಕಾರ್ಖಾನೆಯಲ್ಲೇ ಮಿನಿ ಹುಟ್ಟಿದ್ದು. 1956ರ ಸೂಯೆಜ್ ಬಿಕ್ಕಟ್ಟಿನಿಂದ ಬ್ರಿಟನ್ನಿನಲ್ಲಿ ಪೆಟ್ರೋಲಿಗೆ ರೇಷನ್ ಬಂತು. ಕಡಿಮೆ ಎಣ್ಣೆ ಕುಡಿಯುವ ನಿಜವಾದ ಕಾರು ಬೇಕು ಎಂದು ಬಿಎಂಸಿ ಕಾರು ಕಂಪನಿಯ ಮುಖ್ಯಸ್ಥ ಲೆನಾರ್ಡ್ ಲಾರ್ಡ್ ಕೇಳಿದ್ದು ಇದೇ ಇಸಿಗೋನಿಸ್‌ರನ್ನು. ಹತ್ತು ಅಡಿ ಉದ್ದ. ಎಂಜಿನ್ ಅಡ್ಡಕ್ಕೆ ಕೂರಿಸಿ, ಗೇರ್‌ಬಾಕ್ಸನ್ನು ಅದರ ಅಡಿಯ ಎಣ್ಣೆ ತೊಟ್ಟಿಯೊಳಗೇ ಸೇರಿಸಿದರು. ಹತ್ತೇ ಅಂಗುಲದ ಚಕ್ರಗಳನ್ನು ಕಾರಿನ ನಾಲ್ಕು ಮೂಲೆಗೆ ತಳ್ಳಿದರು. ಉಕ್ಕಿನ ಸ್ಪ್ರಿಂಗ್ ಬದಲು ಅಲೆಕ್ಸ್ ಮೌಲ್ಟನ್ ರೂಪಿಸಿದ ರಬ್ಬರ್ ಕೋನ್. ತೂಕ ಸುಮಾರು 600 ಕೆಜಿ. 848 ಸಿಸಿ ಎಂಜಿನ್, 34 ಬಿಎಚ್‌ಪಿ! ಇವತ್ತು ಪಾರ್ಕಿಂಗ್‌ನಲ್ಲಿ ಈ ಅಂಕಿ ಹೇಳಿದರೆ ಯಾರೂ ತಿರುಗಿಯೂ ನೋಡುವುದಿಲ್ಲ.

1959ರ ಆಗಸ್ಟ್‌ನಲ್ಲಿ ಅದು ರಸ್ತೆಗಿಳಿಯಿತು. ರೇಸ್ ಕಾರು ಕಟ್ಟುತ್ತಿದ್ದ ಜಾನ್ ಕೂಪರ್ ಅದರ ಗುಣ ಕಂಡು ಕೊಂಚ ಶಕ್ತಿ ಸೇರಿಸಿದರು. ಮಾಂಟೆ ಕಾರ್ಲೊ ರ‍್ಯಾಲಿಯನ್ನು ಮಿನಿ 1964, 1965, 1967ರಲ್ಲಿ ಗೆದ್ದಿತು. ಮಿನಿಯ ಅಭಿಮಾನಿಗಳು ಸಾಮಾನ್ಯವಾಗಿ 1964ರ ಪ್ಯಾಡಿ ಹಾಪ್‌ಕರ್ಕ್ ಗೆಲುವನ್ನೇ ಹೇಳುವುದು, 4.7 ಲೀಟರ್ ವಿ8 ಎಂಜಿನ್ನಿನ ಫೋರ್ಡ್ ಫಾಲ್ಕನ್ ಎರಡನೆಯದಾಯಿತಲ್ಲ ಎಂದು. ಆದರೆ ಆ ವರ್ಷ ಎಂಜಿನ್ ಗಾತ್ರ ನೋಡಿ ಸಮಯ ಲೆಕ್ಕ ಹಾಕುವ ಪದ್ಧತಿಯಿಂದ ಮಿನಿಗೆ ಅನುಕೂಲವಿತ್ತು. ವಾದ ಮಾಡುವವರು ಇದನ್ನು ಮುಚ್ಚಿಡಬಾರದು. ನನ್ನ ಪ್ರಕಾರ ದೊಡ್ಡ ಸಾಕ್ಷಿ 1965. ವಿಪರೀತ ಹಿಮ. ಹೊರಟ 237 ಕಾರುಗಳಲ್ಲಿ ಕೊನೆ ಮುಟ್ಟಿದ್ದು 35. ದಾರಿಯುದ್ದಕ್ಕೂ ಒಂದು ಪೆನಾಲ್ಟಿಯೂ ಇಲ್ಲದೆ ಬಂದವನು ಒಬ್ಬನೇ, ಫಿನ್ಲೆಂಡಿನ ಟಿಮೊ ಮಾಕಿನೆನ್, ಮಿನಿಯಲ್ಲಿ. ಹಿಮದ ಮೇಲೆ ಎಂಜಿನ್ ಎಷ್ಟು ದೊಡ್ಡದಿದ್ದರೇನು? ಹಗುರ ಮೈ, ಎಳೆಯುವ ಮುಂದಿನ ಚಕ್ರಗಳ ಮೇಲೇ ಎಂಜಿನ್ನಿನ ಭಾರ, ಚಾಲಕ ಏನು ಹೇಳಿದರೂ ತಟ್ಟನೆ ಓಗೊಡುವ ಗುಣ, ಇವೇ ಕೆಲಸಕ್ಕೆ ಬಂದವು. ಹಾಪ್‌ಕರ್ಕ್ ಓಡಿಸಿದ ಕೆಂಪು ಮಿನಿಯನ್ನು ಗೇಡನ್‌ನ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ಕಾಪಾಡಿಕೊಂಡು ಬಂದಿದೆ. ಎಂ40ಯಲ್ಲಿ ಲಂಡನ್ನಿಗೆ ಹೋಗುವಾಗ ಅದರ ಪಕ್ಕದಲ್ಲೇ ಹಾದುಹೋಗುತ್ತೀರಿ. ಮಕ್ಕಳನ್ನು ಕರೆದುಕೊಂಡು ಒಮ್ಮೆ ಒಳಗೂ ಹೋಗಿ.

ಇದು ನಮಗೆ ಹೊರಗಿನವರ ಚರಿತ್ರೆ ಅನ್ನಿಸಬೇಕಾಗಿಲ್ಲ. ನಿಮ್ಮಲ್ಲಿ ಎಷ್ಟೋ ಜನ ಡ್ರೈವಿಂಗ್ ಕಲಿತದ್ದು ಮಾರುತಿ 800ರಲ್ಲಿ. ಅಡ್ಡಕ್ಕೆ ಕೂತ 796 ಸಿಸಿ ಎಂಜಿನ್, ಮುಂದಿನ ಚಕ್ರದ ಎಳೆತ, ಹನ್ನೆರಡು ಅಂಗುಲದ ಚಕ್ರ, ಆರುನೂರೈವತ್ತು ಕೆಜಿ ಆಸುಪಾಸು ತೂಕ. ಎಂಜಿನ್ನಿನ ಪಕ್ಕಕ್ಕೆ ಗೇರ್‌ಬಾಕ್ಸ್ ಇಡುವ ಉಪಾಯ ಇಟಲಿಯ ಫಿಯಟ್‌ನ ದಾಂತೆ ಜಕೋಸಾ ಜನಪ್ರಿಯಗೊಳಿಸಿದ್ದು, ಅದು ಬಿಟ್ಟರೆ ಉಳಿದ ಯೋಚನೆಯ ಬಹುಪಾಲು ಲಾಂಗ್‌ಬ್ರಿಡ್ಜಿನ ಮಿನಿಯದೇ. ಜಯನಗರದ ಅಡ್ಡರಸ್ತೆಗಳಲ್ಲಿ, ಹುಬ್ಬಳ್ಳಿಯ ಮೈದಾನದಲ್ಲಿ ನೀವು ಕ್ಲಚ್ ಬಿಡಲು ಕಲಿತ ಆ ಪುಟ್ಟ ಕಾರಿನ ಬಂಧುಬಳಗ ನಿಮ್ಮಲ್ಲಿ ಬರ್ಮಿಂಗ್‌ಹ್ಯಾಮ್‌ನವರ ಈಗಿನ ಮನೆಯಿಂದ ಬಸ್ಸಿನಲ್ಲಿ ಹೋಗುವಷ್ಟು ದೂರದಲ್ಲಿತ್ತು.

ಈಗ ಟಯರಿನ ವಿಷಯ. ಇದನ್ನು ಸ್ವಲ್ಪ ತಾಳ್ಮೆಯಿಂದ ಓದಿ, ನನ್ನ ಕೆಲಸದ ಹೃದಯ ಇರುವುದು ಇಲ್ಲೇ.

ನಾಳೆ ಬೆಳಿಗ್ಗೆ ಕಾರಿನ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಟಯರು ನೆಲ ಮುಟ್ಟುವ ಕಡೆ ಎರಡೂ ಬದಿಯಿಂದ ತೆಳು ಕಾಗದ ತೂರಿಸಿ ನೋಡಿ. ಎಲ್ಲಿ ಕಾಗದ ಒಳಗೆ ಹೋಗದೆ ನಿಲ್ಲುತ್ತದೋ ಆ ಅಂಚುಗಳ ನಡುವಿನ ಜಾಗ ಹೆಚ್ಚು ಕಡಿಮೆ ನಿಮ್ಮ ಅಂಗೈಯಷ್ಟು. ಎರಡು ಟನ್ನಿನ ಕಾರೂ ನೆಲ ಹಿಡಿದಿರುವುದು ಅಂಥ ನಾಲ್ಕು ಅಂಗೈಗಳಿಂದ. ಆ ಅಂಗೈಗೆ ಇರುವ ಹಿಡಿತ ಒಂದು ಸೇರು ಅಕ್ಕಿ ಇದ್ದ ಹಾಗೆ. ಬ್ರೇಕಿಗೆ ಅರ್ಧ ಸೇರು ಸುರಿದರೆ ತಿರುವಿಗೆ ಉಳಿಯುವುದು ಕಡಿಮೆ. ಬ್ರೇಕಿಗೇ ಎಲ್ಲ ಸುರಿದರೆ ಸ್ಟೇರಿಂಗ್ ಎಷ್ಟು ತಿರುಗಿಸಿದರೂ ಕಾರು ನೇರಕ್ಕೇ ಹೋಗುತ್ತದೆ. ಆಕ್ಸಿಲರೇಟರ್ ಒತ್ತಿದರೂ ಅದೇ ಸೇರಿನಿಂದಲೇ ಕೊಡಬೇಕು. ಮಳೆ ಬಂದರೆ ಸೇರು ಚಿಕ್ಕದಾಗುತ್ತದೆ. ನವೆಂಬರ್‌ನಲ್ಲಿ ರಸ್ತೆಗೆ ಅಂಟಿದ ಒದ್ದೆ ಎಲೆ, ಜನವರಿಯ ಮುಂಜಾನೆ ಕಣ್ಣಿಗೆ ಕಾಣದ ಮಂಜುಗಡ್ಡೆಯ ಪೊರೆ ಇದ್ದರೆ ಹಿಡಿ ಅಕ್ಕಿಯೂ ಸಿಗದು. ಏಳು ಡಿಗ್ರಿಗಿಂತ ಚಳಿಯಾದರೆ ಬೇಸಿಗೆ ಟಯರಿನ ರಬ್ಬರು ಬಿರುಸಾಗಿ ಹಿಡಿತ ಬಿಡುತ್ತಾ ಬರುತ್ತದೆ.

ಐನೂರು ಬಿಎಚ್‌ಪಿ ಎಂದರೆ ಆ ಸೇರನ್ನು ಒಂದೇ ಕ್ಷಣದಲ್ಲಿ ಖಾಲಿ ಮಾಡುವ ಶಕ್ತಿ. ಸೇರನ್ನು ಅದು ದೊಡ್ಡದು ಮಾಡುವುದಿಲ್ಲ. 2024ರ ಬಿಎಂಡಬ್ಲ್ಯು ಎಂ5ಗೆ 700ಕ್ಕೂ ಹೆಚ್ಚು ಬಿಎಚ್‌ಪಿ, ತೂಕ 2,400 ಕೆಜಿಗೂ ಮೇಲೆ. ಅಂದರೆ ಹಳೇ ಮಿನಿಯಂಥ ನಾಲ್ಕು. ಅದನ್ನು ನೆಲಕ್ಕಂಟಿಸಿ ಓಡಿಸುವಂತೆ ಮಾಡಿದ ಎಂಜಿನಿಯರುಗಳ ಕೆಲಸ ಎಂಥದೆಂದು ನನಗೆ ಗೊತ್ತು, ಗೌರವವೂ ಇದೆ. ಆದರೆ ಎಲೆಕ್ಟ್ರಾನಿಕ್ಸ್ ಮಾಡುವುದು ಇರುವ ಹಿಡಿತವನ್ನು ಜಾಣತನದಿಂದ ಹಂಚುವ ಕೆಲಸವನ್ನಷ್ಟೇ. ವೇಗ ಎರಡು ಪಟ್ಟಾದರೆ ನಿಲ್ಲಿಸಬೇಕಾದ ಚೈತನ್ಯ ನಾಲ್ಕು ಪಟ್ಟು. ಥಿಯರಿ ಪರೀಕ್ಷೆಗೆ ನಾವೆಲ್ಲ ಉರು ಹೊಡೆದೆವಲ್ಲ, ಗಂಟೆಗೆ 30 ಮೈಲಿಯಲ್ಲಿ ನಿಲ್ಲಲು 23 ಮೀಟರ್, 60ರಲ್ಲಿ 73 ಮೀಟರ್. ಅದು ಒಣ ರಸ್ತೆಯ ಲೆಕ್ಕ.

ನಿಮ್ಮಲ್ಲಿ ಕೆಲವರಿಗೆ ಗೊತ್ತಿರುವ ಒಂದು ಘಟನೆಯನ್ನು ಇಲ್ಲಿ ಬರೆಯಲೇಬೇಕು. ಹೆಸರು ಬೇಡ. ನಮ್ಮವರೇ ಒಬ್ಬರ ಮಗ, ಹತ್ತೊಂಬತ್ತು ವಯಸ್ಸು, ಲೈಸೆನ್ಸ್ ಬಂದು ವರ್ಷವಾಗಿತ್ತು. ಪರೀಕ್ಷೆಯಲ್ಲಿ ಒಳ್ಳೆಯ ಗ್ರೇಡ್ ಬಂತೆಂದು ತಂದೆ ಮುನ್ನೂರು ಬಿಎಚ್‌ಪಿಯ ಹ್ಯಾಚ್‌ಬ್ಯಾಕ್ ಕೊಡಿಸಿದರು. ಪೀಕ್ ಡಿಸ್ಟ್ರಿಕ್ಟ್‌ನ ಒಂದು ಕಿರಿದಾದ ರಸ್ತೆಯಲ್ಲಿ, ನವೆಂಬರ್ ಸಂಜೆ, ತಿರುವಿನ ನಡುವೆ ವೇಗ ಹೆಚ್ಚಾಯಿತೆಂದು ಗಾಬರಿಯಾಗಿ ಆಕ್ಸಿಲರೇಟರ್‌ನಿಂದ ಕಾಲು ಸರಕ್ಕನೆ ತೆಗೆದ. ಭಾರವೆಲ್ಲ ಮುಂದಕ್ಕೆ ಬಂತು, ಹಿಂದಿನ ಚಕ್ರ ಹಗುರಾಗಿ ಜಾರಿತು, ಕಾರು ತಿರುಗಿ ಕಲ್ಲಿನ ಗೋಡೆಗೆ ಹೊಡೆಯಿತು. ಪುಣ್ಯಕ್ಕೆ ಹುಡುಗ ಉಳಿದ. ಬಲಗಾಲು ಎರಡು ಕಡೆ ಮುರಿಯಿತು, ಒಂದು ವರ್ಷದ ಓದು ಹೋಯಿತು. ಆಸ್ಪತ್ರೆಯಲ್ಲಿ ನನ್ನನ್ನು ಕಂಡ ಕೂಡಲೇ ಅವನು ಕೇಳಿದ್ದು, "ಅಂಕಲ್, ನಾನು ಬ್ರೇಕ್ ಕೂಡ ಒತ್ತಿರಲಿಲ್ಲ, ಯಾಕೆ ತಿರುಗಿತು?" ಹಾಸಿಗೆಯ ಪಕ್ಕ ಕೂತು ಪೇಪರ್ ಟವೆಲ್ ಮೇಲೆ ಚಿತ್ರ ಬರೆದು ಅವನಿಗೆ ವಿವರಿಸಿದೆ. ಐದು ನಿಮಿಷ ಸಾಕಾಯಿತು. ಆ ಐದು ನಿಮಿಷವನ್ನು ಅವನಿಗೆ ಮೊದಲೇ ಕೊಡದ ದೊಡ್ಡವರಲ್ಲಿ ನಾನೂ ಒಬ್ಬ. ಅವನೂ ನಮ್ಮ ಪಾರ್ಕಿಂಗ್ ಗುಂಪಿನ ಅಂಚಿನಲ್ಲಿ ನಿಂತು ಬೆಳೆದವನೇ. ಆ ನೋವು ನನ್ನನ್ನು ಬಿಟ್ಟಿಲ್ಲ.

ಊರಿನೊಳಗಿನ ಹಾವಳಿ ಬೇರೆಯೇ. ವುಲ್ವರ್‌ಹ್ಯಾಂಪ್ಟನ್, ವಾಲ್ಸಾಲ್, ಡಡ್ಲಿ, ಸ್ಯಾಂಡ್‌ವೆಲ್ ಕಡೆ ಬೀದಿ ರೇಸಿಗೆ ಹೈಕೋರ್ಟ್ ತಡೆಯಾಜ್ಞೆಯೇ ಇದೆ, ಮುರಿದರೆ ನ್ಯಾಯಾಂಗ ನಿಂದನೆ, ಜೈಲಿಗೂ ಹೋಗಬೇಕಾದೀತು. ಬರ್ಮಿಂಗ್‌ಹ್ಯಾಮ್‌ಗೂ ಅಂಥದೇ ಆಜ್ಞೆ ಇದೆ. 2022ರ ನವೆಂಬರ್‌ನಲ್ಲಿ ಓಲ್ಡ್‌ಬರಿಯಲ್ಲಿ ಬೀದಿ ರೇಸಿಗೆ ಸೇರಿದ್ದ ಜನರ ಮೇಲೆ ಕಾರು ನುಗ್ಗಿ, ನೋಡಲು ನಿಂತಿದ್ದ ಇಬ್ಬರು ಎಳೆಯರು ಸತ್ತರು. ಬರೀ ನೋಡಲು ಬಂದವರು.

ನಾನು ವೇಗದ ವಿರೋಧಿಯಲ್ಲ. ವೇಗಕ್ಕೆ ಈ ನಾಡಿನಲ್ಲಿ ಎಂಥ ಜಾಗಗಳಿವೆ ಎಂಬುದು ನಮ್ಮವರಿಗೆ ಗೊತ್ತಿಲ್ಲದಿರುವುದೇ ನನ್ನ ಸಂಕಟ. ವುಸ್ಟರ್‌ಶೈರಿನ ಶೆಲ್ಸ್‌ಲಿ ವಾಲ್ಷ್‌ಗೆ ನಿಮ್ಮಲ್ಲಿ ಎಷ್ಟು ಜನ ಹೋಗಿದ್ದೀರಿ? ಬರ್ಮಿಂಗ್‌ಹ್ಯಾಮ್‌ನಿಂದ ಒಂದು ಗಂಟೆಯ ಹಾದಿ. ಒಬ್ಬೊಬ್ಬರಾಗಿ ಗುಡ್ಡ ಹತ್ತುವ ಸ್ಪರ್ಧೆ, 1905ರಿಂದ ಅದೇ ಗುಡ್ಡ. ಉದ್ದ ಬರೀ ಸಾವಿರ ಗಜ, ಏರು ನೂರು ಮೀಟರ್. ಮೊದಲ ವರ್ಷ ಗೆದ್ದ ಡೈಮ್ಲರ್ 77.6 ಸೆಕೆಂಡ್ ತೆಗೆದುಕೊಂಡಿತ್ತು, ಈಗಿನ ದಾಖಲೆ 23 ಸೆಕೆಂಡಿಗಿಂತ ಕಡಿಮೆ. ಹಳೇ ಮರಗಳ ಕೆಳಗೆ, ಎರಡು ಬದಿ ಮಣ್ಣಿನ ದಿಣ್ಣೆಯ ನಡುವೆ ಕಿರಿದಾದ ರಸ್ತೆ. ಮೊದಲ ಸಲ ನೋಡಿದಾಗ ನನಗೆ ಮೇಗರವಳ್ಳಿಯಿಂದ ಆಚೆಯ ದಾರಿ ಕಣ್ಣಿಗೆ ಬಂತು. ಪ್ಯಾಡಕ್ ಎಂಬ ಅವರ ತಂಗುದಾಣದಲ್ಲಿ ನೀವು ಯಾರ ಕಾರಿನ ಹತ್ತಿರ ಬೇಕಾದರೂ ನಿಂತು ಮಾತಾಡಬಹುದು. ಎಪ್ಪತ್ತು ದಾಟಿದ ಅಜ್ಜಂದಿರು ಟಯರು ಉಜ್ಜುತ್ತಾ ಕೂತಿರುತ್ತಾರೆ, ಕೇಳಿದರೆ ಪ್ರತಿ ತಿರುವಿನ ಗುಟ್ಟನ್ನೂ ಹೇಳುತ್ತಾರೆ. ಅಲ್ಲಿ ಯಾರೂ ನನ್ನನ್ನು ಮೊದಲು ಬಿಎಚ್‌ಪಿ ಕೇಳಿಲ್ಲ. ಕೇಳಿದ್ದು, ಎಸ್ಸೆಸ್ ಎಂಬ ಅಂಕುಡೊಂಕು ತಿರುವಿನಲ್ಲಿ ಎಲ್ಲಿ ಬ್ರೇಕ್ ಹಿಡಿದೆ ಎಂದು.

ಲೀಡ್ಸ್‌ನವರಿಗೆ ಹೇರ್‌ವುಡ್ ಇದೆ. 1962ರಲ್ಲಿ ಶುರುವಾದ, ಹೊಲಗಳ ನಡುವೆ ಸುಮಾರು ಒಂದೂವರೆ ಕಿಲೋಮೀಟರ್ ಹತ್ತುವ ದಾರಿ. ಮ್ಯಾಂಚೆಸ್ಟರ್‌ನವರಿಗೆ ಚೆಶೈರಿನ ಓಲ್ಟನ್ ಪಾರ್ಕ್ ರೇಸ್ ಟ್ರ್ಯಾಕ್ ಇದೆ. ಗುಡ್ಡ ಹತ್ತುವ ಸ್ಪರ್ಧೆಗಳಲ್ಲಿ ದಿನಬಳಕೆಯ ಕಾರಿನಲ್ಲೇ ಭಾಗವಹಿಸುವ ವರ್ಗಗಳಿವೆ, ಹೆಲ್ಮೆಟ್, ಬೆಂಕಿ ತಡೆಯುವ ಉಡುಪು, ಮೋಟಾರ್‌ಸ್ಪೋರ್ಟ್ ಯುಕೆಯ ಆರಂಭಿಕ ಲೈಸೆನ್ಸ್ ಬೇಕು. ಇನ್ನೂ ಕಡಿಮೆ ಖರ್ಚಿನಲ್ಲಿ ಕಲಿಯಬೇಕೆಂದರೆ ಖಾಲಿ ಅಂಗಳದಲ್ಲಿ ಕೋನ್ ಇಟ್ಟು ನಡೆಸುವ ಆಟೋಸೋಲೊ ಇದೆ. ಅಲ್ಲಿ ಹಿಂದಿನ ಚಕ್ರ ಜಾರಿದರೆ ಬೀಳುವುದು ಒಂದು ಪ್ಲಾಸ್ಟಿಕ್ ಕೋನ್. ಆ ಹುಡುಗ ತನ್ನ ತಪ್ಪನ್ನು ಅಲ್ಲಿ ಮಾಡಬೇಕಿತ್ತು.

ನಮ್ಮ ಗುಂಪಿನಲ್ಲಿ ಒಬ್ಬರು ಸ್ವಿಫ್ಟ್ ಸ್ಪೋರ್ಟ್ ಇಟ್ಟುಕೊಂಡಿದ್ದಾರೆ. ಅವರು ಬಂದಾಗಲೆಲ್ಲ "ಊರಲ್ಲಿ ಅದು ಟ್ಯಾಕ್ಸಿ ಅಲ್ಲವೇನ್ರೀ" ಎಂಬ ಮಾತು ಬರುತ್ತದೆ. 2018ರಲ್ಲಿ ಬಂದ ಆ ಮಾದರಿಯ ತೂಕ 975 ಕೆಜಿ. ಇವತ್ತಿನ ಕಾಲದಲ್ಲಿ ಒಂದು ಟನ್ನಿಗಿಂತ ಕಡಿಮೆ ತೂಗುವ ಕಾರು ಮಾಡುವುದು ಎಷ್ಟು ಕಷ್ಟ ಎಂದು ನನ್ನನ್ನು ಕೇಳಿ. ಬ್ರ್ಯಾಕೆಟ್ ಒಂದರಿಂದ ಇನ್ನೂರು ಗ್ರಾಂ ತೆಗೆಯಲು ನಾವು ಮೂರು ವಾರ ಕೂತದ್ದುಂಟು. ಒಂದು ಭಾನುವಾರ ಅವರ ಜೊತೆ ಗ್ಲಾಸಪ್‌ನಿಂದ ಸ್ನೇಕ್ ಪಾಸ್ ಘಾಟಿ ಹತ್ತಿದೆ. ಸ್ಪೀಡ್ ಲಿಮಿಟ್ ಎಲ್ಲೂ ಮೀರಲಿಲ್ಲ. ತಿರುವಿನಿಂದ ತಿರುವಿಗೆ ಅವರು ಸ್ಟೇರಿಂಗನ್ನು ಬೆರಳ ತುದಿಯಲ್ಲಿ ನಡೆಸಿದ ರೀತಿ ನೋಡಿ ನನಗೆ ಕನ್ನಡಿ ಕೆಳಗೆ ತಿರುಗಿಸಿಕೊಂಡು ಬಾಟಲಿ ನೋಡಬೇಕು ಅನ್ನಿಸಿತು. ಅವರನ್ನು ಇನ್ನು ಮೇಲೆ ಹಾಗೆ ಮಾತಾಡಿಸಬೇಡಿ. ಆ ಗುಂಪಿನಲ್ಲಿ ಕಾರನ್ನು ಎಲ್ಲರಿಗಿಂತ ಚೆನ್ನಾಗಿ ಓಡಿಸುವವರು ಅವರು.

ಇನ್ನೊಂದು ಮಾತು. ಪಾರ್ಕಿಂಗ್‌ನಲ್ಲಿ ನಾವು ನಿಂತಿದ್ದಾಗ ಹೆಣ್ಣುಮಕ್ಕಳು ಒಬ್ಬರೂ ಇರಲಿಲ್ಲ. ಲೀಡ್ಸ್‌ನ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ನಮ್ಮ ತಂಗಿಯೊಬ್ಬಳು ರಾತ್ರಿ ಪಾಳಿ ಮುಗಿಸಿ ಚಳಿಗಾಲದ ಬೆಳಗಿನ ಜಾವ ಎಂ62 ಹಿಡಿದು ರಾಚ್‌ಡೇಲ್‌ಗೆ ವಾಪಸ್ ಬರುತ್ತಾಳೆ. ಇಂಗ್ಲೆಂಡಿನ ಮೋಟಾರ್‌ವೇಗಳಲ್ಲೇ ಅತಿ ಎತ್ತರದ ಜಾಗ ಆ ದಾರಿಯಲ್ಲಿದೆ, 372 ಮೀಟರ್. ಅಡ್ಡಗಾಳಿ, ಹಿಮ, ಲಾರಿಗಳು ಎರಚುವ ನೀರು, ಇದೆಲ್ಲದರ ನಡುವೆ ಹತ್ತು ವರ್ಷದಿಂದ. ಅಡ್ಡಗಾಳಿಗೆ ತನ್ನ ಕಾರು ಹೇಗೆ ಓಲುತ್ತದೆ, ಸೇತುವೆ ಕೆಳಗೆ ಹೋದಾಗ ಗಾಳಿ ತಪ್ಪಿ ಸ್ಟೇರಿಂಗ್ ಹೇಗೆ ಎಳೆಯುತ್ತದೆ ಎಂದು ಅವಳು ಒಮ್ಮೆ ನನಗೆ ಹೇಳಿದಾಗ ನಾನು ಆಫೀಸಿನಲ್ಲಿ ಗ್ರಾಫ್ ನೋಡಿ ಕಲಿತದ್ದನ್ನೇ ಅವಳು ಕೈಯಲ್ಲಿ ಕಲಿತಿದ್ದಾಳೆ ಎಂದು ಗೊತ್ತಾಯಿತು. ಮುಂದಿನ ಸಲ ಅವಳನ್ನೂ ಕರೆಯಿರಿ. ಕರೆದು ಪಕ್ಕಕ್ಕೆ ನಿಲ್ಲಿಸಬೇಡಿ, ಅವಳ ಮಾತು ಕೇಳಿ.

ಇನ್ನು ಆ ಹುಡುಗನ ಪ್ರಶ್ನೆಗೆ ಬರುತ್ತೇನೆ. ಮೊದಲ ಕಾರಿಗೆ ಎಷ್ಟು ಬಿಎಚ್‌ಪಿ? ಎಪ್ಪತ್ತು, ಎಂಬತ್ತು, ಬಹಳವಾದರೆ ನೂರು. ತೂಕ ಸಾವಿರದ ಆಸುಪಾಸು. ಸ್ವಲ್ಪ ಹಳೆಯದಾದರೂ ಅಡ್ಡಿಯಿಲ್ಲ, ಮ್ಯಾನುಯಲ್ ಗೇರು ಇರಲಿ. ಉಳಿದ ದುಡ್ಡಿನಲ್ಲಿ ನಾಲ್ಕು ಒಳ್ಳೆಯ ಟಯರು ಹಾಕಿಸಿ. ಕಾನೂನಿಗೆ ಟಯರಿನ ತೋಡುಗಳ ಆಳ 1.6 ಮಿಲಿಮೀಟರ್ ಇದ್ದರೆ ಸಾಕು, ಮಳೆನಾಡಿಗೆ ಅದು ಸಾಲದು, ಮೂರಕ್ಕೆ ಇಳಿದಾಗಲೇ ಬದಲಿಸಿ. ಗಾಳಿಯನ್ನು ಹದಿನೈದು ದಿನಕ್ಕೊಮ್ಮೆ ಅವನ ಕೈಯಲ್ಲೇ ನೋಡಿಸಿ. ಲೈಸೆನ್ಸ್ ಬಂದ ಎರಡು ವರ್ಷದೊಳಗೆ ಆರು ಪಾಯಿಂಟ್ ಬಿದ್ದರೆ ಲೈಸೆನ್ಸೇ ಹೋಗುತ್ತದೆ ಎಂದು ಹೇಳಿ. ಎಲ್ಲಕ್ಕಿಂತ ಹೆಚ್ಚಾಗಿ, ಅವನ ಪಕ್ಕದ ಸೀಟಿನಲ್ಲಿ ನೀವು ಕೂತುಕೊಳ್ಳಿ, ಲೈಸೆನ್ಸ್ ಬಂದ ಮೇಲೂ. ಬೈಯಬೇಡಿ. ಕಾರು ಏನು ಹೇಳುತ್ತಿದೆ ಎಂದು ಕೇಳುತ್ತಾ ಹೋಗಿ. ಸ್ಟೇರಿಂಗ್ ಹಗುರಾಯಿತಾ? ಮೂಗು ಕುಸಿಯಿತಾ? ಹಿಂದಿನ ಚಕ್ರ ಎಲ್ಲಿದೆ?

2011ರಲ್ಲಿ ಅಪ್ಪಯ್ಯ ಇಲ್ಲಿಗೆ ಬಂದಿದ್ದರು. ಆಗವರಿಗೆ ಎಪ್ಪತ್ತೊಂದು. ನನ್ನ ಕಾರಿನ ಬಿಎಚ್‌ಪಿ ಅವರಿಗೆ ಬೇಕಾಗಿರಲಿಲ್ಲ. ಸ್ನೇಕ್ ಪಾಸಿನಲ್ಲಿ ಮೊದಲ ಕೆಲವು ತಿರುವಿಗೆ ಬಲಗಾಲನ್ನು ಇಲ್ಲದ ಬ್ರೇಕಿನ ಮೇಲೆ ಒತ್ತುತ್ತಾ ಕೂತಿದ್ದರು. ಹತ್ತು ನಿಮಿಷ ಕಳೆದ ಮೇಲೆ ಕಾಲು ಚಾಚಿದರು. ಮುಂದೆ ಇಳಿಜಾರಿನಲ್ಲಿ ಕೆರೆಯ ನೀರು ಕಾಣುವ ಹೊತ್ತಿಗೆ ಡ್ಯಾಶ್‌ಬೋರ್ಡ್ ಮೇಲೆ ಮೆಲ್ಲಗೆ ಎರಡು ಸಲ ತಟ್ಟಿ, ಕಿಟಕಿಯತ್ತ ತಿರುಗಿ ನಿದ್ದೆ ಹೋದರು.

ಶೆಲ್ಸ್‌ಲಿಯ ಮುಂದಿನ ಸ್ಪರ್ಧೆಯ ಭಾನುವಾರ ನಾನು ಅಲ್ಲಿರುತ್ತೇನೆ. ಬೆಳಿಗ್ಗೆ ಎಂಟೂವರೆಗೆ ಗೇಟಿನ ಹತ್ತಿರ ಸಿಕ್ಕಿ. ಫ್ಲಾಸ್ಕಿನಲ್ಲಿ ಫಿಲ್ಟರ್ ಕಾಫಿ, ಮನೆಯ ಕೋಡುಬಳೆ ತರುತ್ತೇನೆ. ಗುಡ್ಡದ ಪಕ್ಕದ ಕಾಲುದಾರಿ ಒದ್ದೆಯಿರುತ್ತದೆ, ಒಳ್ಳೆಯ ಬೂಟು ಹಾಕಿಕೊಂಡು ಬನ್ನಿ. ಆ ಇಬ್ಬರು ಹುಡುಗರನ್ನು ಮರೆಯದೆ ಕರೆತನ್ನಿ, ಮೊದಲ ಓಟದ ಹೊತ್ತಿಗೆ ಅವರನ್ನು ಎಸ್ಸೆಸ್ ತಿರುವಿನ ಹತ್ತಿರ ನಿಲ್ಲಿಸಬೇಕು.

ನಿಮ್ಮವನೇ ಆದ,
ತೀರ್ಥಹಳ್ಳಿಯವ, ಈಗ ಸೋಲಿಹಲ್ ವಾಸಿ